ಎರಡು ಕೈ, ಎರಡು ಗುಳ್ಳೆ: ಕಸೋನಿ ಪರೀಕ್ಷೆ ಮಾಡಿದ ನನ್ನ ಅನುಭವ

1980ರ ದಶಕದ ಕೊನೆ. ಬಯಲುಸೀಮೆಯ ಒಂದು ಆಸ್ಪತ್ರೆಯಲ್ಲಿ ನಾನು ಕಿರಿಯ ವೈದ್ಯ. ಕುರಿ ಮೇಯಿಸುವವರು ಹೊಟ್ಟೆಯ ಬಲಭಾಗ ಉಬ್ಬಿಸಿಕೊಂಡು ಬರುತ್ತಿದ್ದರು. ಲಿವರ್‌ನಲ್ಲಿ ನೀರು ತುಂಬಿದ ಚೀಲ, ಹೈಡಾಟಿಡ್. ನಾಯಿಯ ಕರುಳಲ್ಲಿ ಎಕಿನೋಕಾಕಸ್ ಅನ್ನೋ ಲಾಡಿಹುಳು ಇರುತ್ತದೆ, ಬರೀ ಕೆಲವೇ ಮಿಲಿಮೀಟರ್ ಉದ್ದ. ಅದರ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ಈ ಚೀಲ ಬೆಳೆಯುತ್ತದೆ.

ಆಗ ಸ್ಕ್ಯಾನ್ ಎಲ್ಲ ಕಡೆ ಸಿಗುತ್ತಿರಲಿಲ್ಲ. ಇಟಲಿಯ ವೈದ್ಯ ಕಸೋನಿ 20ನೇ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟ ಚರ್ಮದ ಪರೀಕ್ಷೆಯೇ ನಮಗೆ ಆಸರೆ. ಕಸಾಯಿಖಾನೆಯಿಂದ ಕುರಿಯ ಲಿವರ್ ತರಿಸುತ್ತಿದ್ದೆವು. ಚೀಲದ ನೀರನ್ನು ಸಿರಿಂಜಿನಲ್ಲಿ ಎಳೆದು, ಸೋಸಿ, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದು ಖಾತ್ರಿ ಮಾಡಿಕೊಂಡು ಫ್ರಿಜ್‌ನಲ್ಲಿ ಇಡುತ್ತಿದ್ದೆವು. ನೋಡಲು ತಿಳಿನೀರು. ಹುಳುವಿನ ಪ್ರೋಟೀನ್ ಇರೋದು ಅದರಲ್ಲೇ.

ನಾನು ಮೊದಲು ಸೂಜಿ ಹಾಕಿದ್ದು ಒಬ್ಬ ಕುರಿಗಾಹಿ ಅಜ್ಜನಿಗೆ. ಹೋಲಿಸಿ ನೋಡಲು ಎಡ ಮುಂಗೈಗೆ 0.2 ಮಿ.ಲೀ. ಸಲೈನ್ ಅಂದರೆ ಬರೀ ಉಪ್ಪುನೀರು, ಬಲ ಮುಂಗೈಗೆ ಅಷ್ಟೇ ಚೀಲದ ನೀರು. ಸೂಜಿ ಚರ್ಮದೊಳಗೇ ನಿಲ್ಲಬೇಕು, ಕೆಳಗಿಳಿದರೆ ಪರೀಕ್ಷೆ ಕೆಟ್ಟಿತು. ಎರಡೂ ಕಡೆ ಒಂದೇ ಥರ ಬಿಳಿ ಗುಳ್ಳೆ ಎದ್ದವು. ಪೆನ್ನಿನಿಂದ ಸುತ್ತ ಗೆರೆ ಎಳೆದು ಕಾಯುತ್ತಾ ಕೂತೆ. ಹತ್ತು ನಿಮಿಷಕ್ಕೆ ಬಲಗೈ ಗುಳ್ಳೆ ಗೆರೆ ದಾಟಿತು. ಅಂಚು ದುಂಡಗಿರಲಿಲ್ಲ, ಕಾಲು ಚಾಚಿದ ಹಾಗೆ ಹರಡಿತ್ತು. ಸುತ್ತ ಕೆಂಪು. "ಈ ಕೈ ಸುಮ್ನೈತ್ರಿ, ಆ ಕೈ ಭಾಳ ಕಡೀತೈತ್ರಿ ಸಾಹೇಬ್ರ" ಅಂದ ಅಜ್ಜ.

ಆ ತುರಿಕೆ ಹುಟ್ಟೋದು ಹೀಗೆ. ಹುಳುವಿನ ಪ್ರೋಟೀನಿಗೆಂದೇ ದೇಹ ತಯಾರಿಸಿದ ಐಜಿಇ ಪ್ರತಿಕಾಯಗಳು (ಹೊರಗಿನದನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು) ಚರ್ಮದಲ್ಲಿರುವ, ಅಲರ್ಜಿ ಎಬ್ಬಿಸುವ ಮಾಸ್ಟ್ ಕೋಶಗಳ ಮೇಲೆ ಮೊದಲೇ ಕೂತಿರುತ್ತವೆ. ಅದೇ ಪ್ರೋಟೀನ್ ಮತ್ತೆ ತಾಗಿದ ಕೂಡಲೇ ಆ ಕೋಶಗಳು ಊತ, ತುರಿಕೆ ತರುವ ಹಿಸ್ಟಮಿನ್ ಸುರಿಸುತ್ತವೆ. ಇದೇ ಕೆಲಸ ಚರ್ಮದಲ್ಲಿ ನಿಲ್ಲದೆ ಮೈತುಂಬಾ ನಡೆದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಅದಕ್ಕೇ ಪಕ್ಕದ ಟ್ರೇಯಲ್ಲಿ, ಕುಸಿದ ಬಿಪಿ ಏರಿಸುವ ಅಡ್ರಿನಲಿನ್ ತುಂಬಿದ ಸಿರಿಂಜ್ ಇಲ್ಲದೆ ನಾನು ಒಮ್ಮೆಯೂ ಸೂಜಿ ಮುಟ್ಟಲಿಲ್ಲ.

ನನಗೆ ಜಾಸ್ತಿ ಕಲಿಸಿದ್ದು ಇನ್ನೊಬ್ಬ ರೋಗಿ. ವರ್ಷಗಳ ಹಿಂದೆಯೇ ಆಪರೇಷನ್ ಮಾಡಿ ಚೀಲ ತೆಗೆದಿದ್ದರು. ಮತ್ತೆ ಹೊಟ್ಟೆನೋವು ಅಂತ ಬಂದ. ಕೈಯಲ್ಲಿ ಗುಳ್ಳೆ ಜೋರಾಗಿ ಎದ್ದಿತು. ಕಾಯಿಲೆ ಮರಳಿದೆ ಎಂದು ನಾನು ಅವನಿಗೆ ಹೇಳಿಯೂಬಿಟ್ಟೆ. ಅವಸರಪಟ್ಟೆ, ಅದು ನನ್ನದೇ ತಪ್ಪು. ದೂರದ ಊರಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದರೆ ಲಿವರ್ ಶುಭ್ರವಾಗಿತ್ತು. ಹುಳು ಹೋದರೂ ಚರ್ಮ ಅದನ್ನು ವರ್ಷಗಟ್ಟಲೆ ಮರೆಯೋದಿಲ್ಲ. ಬೇರೆ ಲಾಡಿಹುಳು ಇದ್ದವರಲ್ಲೂ ಈ ಗುಳ್ಳೆ ಏಳಬಹುದು. ಇಂಥ ಕಾರಣಗಳಿಗೇ ಈ ಪರೀಕ್ಷೆ ಮೂಲೆ ಸೇರಿತು. ಈಗ ನಾನೂ ಮೊದಲು ಅಲ್ಟ್ರಾಸೌಂಡ್, ಆಮೇಲೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ ಬರೆಯುತ್ತೇನೆ.

ಅವತ್ತು ಸ್ಕ್ಯಾನ್ ಚೀಟಿ ಓದಿ ಹೇಳಿದಾಗ ಅವನು ಹಳೇ ಹೊಲಿಗೆಯ ಗುರುತಿನ ಮೇಲೆ ಕೈಯಿಟ್ಟುಕೊಂಡು ಕೇಳಿದ: "ಹಂಗಾರ ಮತ್ತ ಕೊಯ್ಯಂಗಿಲ್ಲೇನ್ರಿ?"