ಟೈರ್ ಸಿಡಿದ ಮೇಲೆ ಶುರುವಾದ ನೋಟ್‌ಬುಕ್

ನನ್ನ ಕಾರಿನಲ್ಲಿ ಕಾಗದಪತ್ರದ ಜೊತೆ ಒಂದು ಸಣ್ಣ ನೋಟ್‌ಬುಕ್ ಇದೆ. ಪ್ರತಿ ಸಾಲಿನಲ್ಲೂ ಒಂದು ತಾರೀಕು, ಪಕ್ಕದಲ್ಲಿ ಐದು ಅಂಕಿ. ನಾಲ್ಕು ಚಕ್ರದ ಗಾಳಿ, ಐದನೆಯದು ಸ್ಟೆಪ್ನಿಯದ್ದು. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಯಾಕೆ ಶುರು ಮಾಡಿದೆ ಅನ್ನೋದನ್ನ ಮೊದಲು ಹೇಳಿಬಿಡುತ್ತೇನೆ.

ಅವತ್ತು ಕಾರಿನಲ್ಲಿ ಐದು ಜನ ಇದ್ದೆವು. ಡಿಕ್ಕಿ ತುಂಬಾ ಲಗೇಜು. ಬಿಸಿಲು ಜೋರಾಗಿತ್ತು. ಹೆದ್ದಾರಿಯಲ್ಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೆ. ಹತ್ತು ನಿಮಿಷದಿಂದ ಹಿಂದಿನಿಂದ ಸಣ್ಣಗೆ ನಡುಕ ಬರುತ್ತಿತ್ತು, ರಸ್ತೆ ಸರಿ ಇಲ್ಲ ಅಂದುಕೊಂಡೆ. ರಸ್ತೆ ಚೆನ್ನಾಗಿಯೇ ಇತ್ತು. ಆಮೇಲೆ ಢಮ್ ಅಂತ ಸದ್ದು, ಕಾರಿನ ಹಿಂಭಾಗ ಎಡಕ್ಕೆ ಎಳೆಯಿತು. ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಯಿತು, ಸ್ವಲ್ಪ ಒತ್ತಿದ್ದೇ ತಡ ಹಿಂಭಾಗ ಇನ್ನೂ ಜಾಸ್ತಿ ತೂಗಾಡಿತು. ಗಾಬರಿಯಲ್ಲಿ ಕಾಲು ತೆಗೆದೆ. ಅದೇ ನಮ್ಮನ್ನು ಉಳಿಸಿದ್ದು. ಎರಡೂ ಕೈಯಲ್ಲಿ ಸ್ಟೇರಿಂಗ್ ನೇರ ಹಿಡಿದುಕೊಂಡೆ, ಕಾರು ತಾನಾಗಿ ನಿಧಾನ ಆಗುವವರೆಗೆ ಕಾದು ಪಕ್ಕಕ್ಕೆ ತಂದು ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಟೈರ್ ಸಿಡಿದಾಗ ಮಾಡಬೇಕಾದದ್ದು ಇಷ್ಟೇ ಅಂತ ಆಮೇಲೆ ಗೊತ್ತಾಯಿತು: ಬ್ರೇಕ್ ತುಳಿಯಬಾರದು, ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯಬೇಕು, ಆಕ್ಸಿಲರೇಟರ್‌ನಿಂದ ಕಾಲನ್ನು ನಿಧಾನಕ್ಕೆ ತೆಗೆಯಬೇಕು, ವೇಗ ಪೂರ್ತಿ ಇಳಿದ ಮೇಲೆ ಮಾತ್ರ ಪಕ್ಕಕ್ಕೆ ತಿರುಗಿಸಬೇಕು.

ಟೈರ್ ಬಿಚ್ಚಿದ ಮೇಸ್ತ್ರಿ ಒಂದೇ ಪ್ರಶ್ನೆ ಕೇಳಿದರು. "ಗಾಳಿ ಚೆಕ್ ಮಾಡಿ ಎಷ್ಟು ದಿನ ಆಯ್ತು ಸರ್?" ನನಗೆ ನೆನಪೇ ಇರಲಿಲ್ಲ. ಅವರು ಹರಿದ ಟೈರನ್ನು ನನ್ನ ಕಡೆ ತಿರುಗಿಸಿ ಒಳಗೆ ಕೈ ಹಾಕಿ ತೆಗೆದು ತೋರಿಸಿದರು. ಬೆರಳ ತುದಿಯಲ್ಲೆಲ್ಲ ನುಣ್ಣನೆಯ ಕಪ್ಪು ಪುಡಿ. ಟೈರಿನ ಪಕ್ಕದ ಗೋಡೆಯ ಒಳಗೆ ಸುತ್ತಲೂ ಉಜ್ಜಿದ ಹಾಗೆ ಒಂದು ಪಟ್ಟೆ. ಹಳೆಯ ಪಂಕ್ಚರಿನ ಜಾಗದಿಂದ ಸ್ವಲ್ಪ ಸ್ವಲ್ಪವೇ ಗಾಳಿ ಹೋಗುತ್ತಿತ್ತು, ನಾನು ಗಮನಿಸದೆ ಓಡಿಸಿದ್ದೆ. ಆ ಪುಡಿ ಟೈರಿನದೇ ರಬ್ಬರ್.

ಇದು ಹೇಗೆ ಆಗುತ್ತೆ ಅಂತ ತಿಳಿದ ಮೇಲೆ ನನ್ನ ಯೋಚನೆಯೇ ಬದಲಾಯಿತು. ಗಾಡಿಯ ಭಾರ ಹೊರೋದು ರಬ್ಬರ್ ಅಲ್ಲ, ಒಳಗಿನ ಗಾಳಿ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಳ್ಳುತ್ತೆ. ನನ್ನದು 185/65 R15 ಅಳತೆಯ ಟೈರ್. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಸುಮಾರು 1.95 ಮೀಟರ್ ಹೋಗುತ್ತದೆ, ಅಂದರೆ 90 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 770 ಸಲ ಹತ್ತಿರ ತಿರುಗುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗಿ ಮುರಿಯುತ್ತೆ ಅಲ್ವಾ, ಹಾಗೇ ಇದು. ನಿಮಿಷಕ್ಕೆ 770 ಸಲ ಮಡಚಿ ಬಿಡಿಸಿದರೆ ರಬ್ಬರ್ ಒಳಗೇ ಕಾಯುತ್ತದೆ, ಒಳಗಿನ ದಾರದ ಪದರದಿಂದ ಕಿತ್ತು ಬರುತ್ತದೆ. ಬಿಸಿಲು, ಭಾರ, ವೇಗ ಮೂರೂ ಸೇರಿದರೆ ಕೇಳಬೇಕೇ. ಗಾಳಿ ಜಾಸ್ತಿಯಾಗಿ ಟೈರ್ ಸಿಡಿಯುತ್ತೆ ಅಂತ ನಾನು ನಂಬಿದ್ದೆ. ನನ್ನ ಟೈರ್ ಸಿಡಿದಿದ್ದು ಗಾಳಿ ಕಮ್ಮಿಯಾಗಿ.

ಅದಕ್ಕೇ ನೋಟ್‌ಬುಕ್. ಎರಡು ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು ನೋಡುತ್ತೇನೆ. ಗಾಳಿ ಅಳೆಯುವ ಗೇಜ್ ನನ್ನದೇ. ಒಂದೇ ಗೇಜ್ ಬಳಸಿದರೆ ಹೋದ ಸಲಕ್ಕೂ ಈ ಸಲಕ್ಕೂ ಹೋಲಿಸಬಹುದು. ಕಣ್ಣಿಗೆ ನೋಡಿ ಹೇಳೋಕೆ ಆಗಲ್ಲ, ಇದನ್ನು ಖಂಡಿತ ನಂಬಿ. ಈಗಿನ ಕಾರುಗಳ ರೇಡಿಯಲ್ ಟೈರ್ ಗಾಳಿ ಸರಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಇರುತ್ತೆ, 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದಾಗಲೂ 25 ಇದ್ದಾಗಲೂ ನನ್ನ ಕಣ್ಣಿಗೆ ಒಂದೇ ಥರ ಕಂಡಿದೆ. ಕಾಲಲ್ಲಿ ಒದ್ದು ನೋಡೋದರಿಂದಲೂ ಏನೂ ಗೊತ್ತಾಗಲ್ಲ.

ಬೆಳಿಗ್ಗೆ ಯಾಕೆ ಅಂದರೆ, ಕಂಪನಿ ಕೊಟ್ಟಿರುವ ಅಂಕಿ ತಣ್ಣಗಿರುವ ಟೈರಿನದ್ದು. ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲಾಂದ್ರೆ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಇದು ಗೊತ್ತಿಲ್ಲದೆ ನಾನು ಮೊದಲು ಒಂದು ತಪ್ಪು ಮಾಡುತ್ತಿದ್ದೆ. ಒಂದೂವರೆ ಗಂಟೆ ಓಡಿಸಿ ಗಾಳಿ ನೋಡಿದೆ, 38 ತೋರಿಸಿತು. ಜಾಸ್ತಿ ಆಗಿದೆ ಅಂತ 33ಕ್ಕೆ ಇಳಿಸಿದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ 28! ಓಡಿದ ಟೈರಿನಲ್ಲಿ 4-5 ಪಿಎಸ್‌ಐ ಏರೋದು ಸಹಜ, ಬಿಸಿ ಟೈರಿನಿಂದ ಗಾಳಿ ತೆಗೆಯಲೇಬಾರದು. ಹವೆ ತಣ್ಣಗಾದರೂ ಇಳಿಯುತ್ತೆ, 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಒಂದೂವರೆಯಿಂದ 2 ಪಿಎಸ್‌ಐ. ಏನೂ ತೊಂದರೆ ಇಲ್ಲದ ಟೈರೂ ತಿಂಗಳಿಗೆ ಹೆಚ್ಚು ಕಮ್ಮಿ 1 ಪಿಎಸ್‌ಐ ಕಳೆದುಕೊಳ್ಳುತ್ತೆ.

ಎಷ್ಟು ಹಾಕಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿರುವ ಸ್ಟಿಕ್ಕರಿನಲ್ಲಿ ಇರುತ್ತೆ, ಕೆಲವು ಗಾಡಿಯಲ್ಲಿ ಇಂಧನ ಟ್ಯಾಂಕಿನ ಮುಚ್ಚಳದ ಒಳಗೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗಾಳಿಯ ಅಂಕಿ ಆ ಟೈರಿನ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ಸ್ಟಿಕ್ಕರಿನಲ್ಲಿ ಸಾಮಾನ್ಯವಾಗಿ ಎರಡು ಸಾಲು ಇರುತ್ತೆ: ಕಮ್ಮಿ ಜನಕ್ಕೆ ಒಂದು, ಪೂರ್ತಿ ಭಾರಕ್ಕೆ ಒಂದು. ನಾನು ಅವತ್ತು ಐದು ಜನ ಲಗೇಜಿನ ಜೊತೆ ಹೊರಟಾಗ ಆ ಎರಡನೇ ಸಾಲು ಇದೆ ಅಂತಲೇ ಗೊತ್ತಿರಲಿಲ್ಲ. ಗಾಳಿ ಕಮ್ಮಿಯಾದರೆ ದೀಪ ಹತ್ತುವ ಗಾಡಿ ಇದ್ದವರೂ ಗೇಜ್ ಬಿಡಬೇಡಿ. ಎಷ್ಟೋ ಗಾಡಿಗಳಲ್ಲಿ ಕಾಲು ಭಾಗ ಗಾಳಿ ಹೋದ ಮೇಲಷ್ಟೇ ಆ ದೀಪ ಹತ್ತೋದು.

ಬರೆದಿಡೋದರ ಲಾಭ ಒಂದು ವರ್ಷದೊಳಗೇ ಗೊತ್ತಾಯಿತು. ಮೂರು ಚಕ್ರದಲ್ಲಿ ಅರ್ಧ ಪಾಯಿಂಟ್ ಇಳಿದಿದ್ದರೆ ಮುಂದಿನ ಬಲಗಡೆಯದು ಮಾತ್ರ ಪ್ರತಿ ಎರಡು ವಾರಕ್ಕೂ 3 ಇಳಿಯುತ್ತಿತ್ತು. ಟೈರ್ ಸುತ್ತಲೂ ಹುಡುಕಿದೆ, ಮೊಳೆ ಇಲ್ಲ, ಗಾಜಿಲ್ಲ. ಸೋಪಿನ ನೀರು ಮಾಡಿ ಬ್ರಷ್‌ನಲ್ಲಿ ಹಚ್ಚುತ್ತಾ ಹೋದೆ. ರಿಮ್ಮಿನ ಅಂಚಿನಲ್ಲಿ ಏನೂ ಇಲ್ಲ. ಗಾಳಿ ತುಂಬುವ ವಾಲ್ವಿನ ಬುಡಕ್ಕೆ ಹಚ್ಚಿ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ. ಸಾಸಿವೆ ಗಾತ್ರದ ಒಂದು ಗುಳ್ಳೆ ಎದ್ದಿತು, ಒಡೆಯಿತು, ಅದೇ ಜಾಗದಲ್ಲಿ ಇನ್ನೊಂದು. ವಾಲ್ವನ್ನು ಬೆರಳಲ್ಲಿ ಪಕ್ಕಕ್ಕೆ ಬಗ್ಗಿಸಿದರೆ ರಬ್ಬರಿನಲ್ಲಿ ಕೂದಲೆಳೆಯಂಥ ಸೀಳು ಕಂಡಿತು. ಟೈರ್ ಹೊಸದು ಹಾಕಿಸಿದ್ದೆ, ವಾಲ್ವ್ ಮಾತ್ರ ಹಳೆಯದೇ ಉಳಿದಿತ್ತು. ಆವತ್ತಿನಿಂದ ಟೈರ್ ಬದಲಿಸಿದಾಗೆಲ್ಲ ರಬ್ಬರ್ ವಾಲ್ವನ್ನೂ ಬದಲಿಸುತ್ತೇನೆ. ವಾಲ್ವಿನ ಮುಚ್ಚಳವೂ ಮುಖ್ಯ. ಒಳಗಿನ ಪಿನ್ನಿಗೆ ಧೂಳು, ನೀರು ಸೇರದ ಹಾಗೆ ಕಾಯೋದು ಅದೇ.

ಗಾಳಿ ನೋಡುವಾಗಲೇ ಟ್ರೆಡ್ ಮೇಲೆ, ಅಂದರೆ ರಸ್ತೆಗೆ ತಾಗುವ ಕಾಲುವೆಗಳಿರುವ ಭಾಗದ ಮೇಲೆ, ಅಂಗೈ ಸವರುತ್ತೇನೆ. ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಯಾಕಂದ್ರೆ ಸವೆದ ಟೈರಿನಲ್ಲಿ ತಂತಿ ಹೊರಗೆ ಬಂದಿರಬಹುದು. ಮೊದಲು ಕಣ್ಣಿಂದ ನೋಡಿ, ಆಮೇಲೆ ಸವರಿ. ಹೊರಗಿನಿಂದ ಒಳಕ್ಕೆ ಒಂದು ಸಲ, ಒಳಗಿನಿಂದ ಹೊರಕ್ಕೆ ಒಂದು ಸಲ. ಒಂದು ಕಡೆ ಹೋಗುವಾಗ ನುಣ್ಣಗೆ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ತಡೆದರೆ ಅಲೈನ್‌ಮೆಂಟ್ (ಚಕ್ರಗಳು ನಿಂತಿರುವ ಕೋನ) ತಪ್ಪಿದೆ ಅಂತ ಅರ್ಥ. ಕಣ್ಣಿಗೆ ಕಾಣುವ ಮೊದಲೇ ಇದು ಕೈಗೆ ಸಿಗುತ್ತೆ. ಎರಡೂ ಅಂಚು ಸವೆದು ಮಧ್ಯ ಉಳಿದಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದೀರಿ. ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಿ. ಒಂದು ದೊಡ್ಡ ಗುಂಡಿಗೆ ಬಿದ್ದ ಮೇಲೆ ನಾನು ತಪ್ಪದೆ ಪಕ್ಕದ ಗೋಡೆ ನೋಡುತ್ತೇನೆ, ಒಳಗಿನ ಬದಿಯನ್ನೂ ಸೇರಿಸಿ. ಒಮ್ಮೆ ಹಾಗೆ ನೋಡುವಾಗ ನಿಂಬೆಹಣ್ಣಿನ ಹೋಳಿನಷ್ಟು ಉಬ್ಬು ಸಿಕ್ಕಿತು. ಒಳಗಿನ ದಾರಗಳು ತುಂಡಾಗಿ ಬರೀ ರಬ್ಬರ್ ಗಾಳಿಯನ್ನು ತಡೆದುಕೊಂಡಿರುವ ಜಾಗ ಅದು. ಟೈರ್ ಆರು ತಿಂಗಳದ್ದು, ಮನಸ್ಸಿಗೆ ಬೇಜಾರಾಯಿತು, ಆದರೂ ಅವತ್ತೇ ತೆಗೆದೆ. ಉಬ್ಬಿಗೆ ರಿಪೇರಿ ಇಲ್ಲ.

ಟ್ರೆಡ್ ಎಷ್ಟು ಉಳಿದಿರಬೇಕು? ಕಾಲುವೆಗಳ ತಳದಲ್ಲಿ ಸಣ್ಣ ದಿಬ್ಬಗಳು ಇರುತ್ತವೆ, ಅವು 1.6 ಮಿ.ಮೀ. ಎತ್ತರ. ಟ್ರೆಡ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು, ಹಲವು ದೇಶಗಳ ಕಾನೂನಿನ ಮಿತಿಯೂ ಅದೇ. ನಾನು ಅಲ್ಲಿವರೆಗೆ ಕಾಯಲ್ಲ. 3 ಮಿ.ಮೀ. ಹತ್ತಿರ ಬಂದಾಗ ಬದಲಿಸುತ್ತೇನೆ. ಆ ಕಾಲುವೆಗಳು ಇರೋದೇ ಟೈರ್ ಅಡಿಯ ನೀರನ್ನು ಹೊರಗೆ ತಳ್ಳೋಕೆ. ಸವೆದ ಟೈರಿನಲ್ಲಿ ಜೋರು ಮಳೆಗೆ ಒಮ್ಮೆ ಸಿಕ್ಕಿಬಿದ್ದಿದ್ದೆ, ನಿಂತ ನೀರಿನ ಮೇಲೆ ಹೋದಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಗಿ ತಿರುಗಿಸಿದರೂ ಕಾರು ಕೇಳದೆ ಎರಡು ಸೆಕೆಂಡ್ ತೇಲಿದ ಹಾಗಾಯಿತು, ಆ ಎರಡು ಸೆಕೆಂಡ್ ಇವತ್ತಿಗೂ ಮರೆತಿಲ್ಲ. ರಸ್ತೆಗೆ ತಾಗಿರೋದು ಒಂದೊಂದು ಟೈರಿನ ಅಂಗೈಯಷ್ಟು ಜಾಗ ಮಾತ್ರ.

ಇದೇ ಕಾರಣಕ್ಕೆ ಎರಡೇ ಹೊಸ ಟೈರ್ ತಗೊಂಡಾಗ ಹಿಂದಕ್ಕೆ ಹಾಕಿಸುತ್ತೇನೆ. ಅಂಗಡಿಯಲ್ಲಿ ಇದಕ್ಕೆ ಚರ್ಚೆ ಆಗಿದೆ. "ಇಂಜಿನ್ ಎಳೆಯೋದು ಮುಂದಿನ ಚಕ್ರ ಸರ್, ಹೊಸದು ಮುಂದೆ ಇರಲಿ" ಅಂದರು. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಕಾರು ನೇರ ಹೋಗುತ್ತೆ, ವೇಗ ಇಳಿಸಿದರೆ ಮತ್ತೆ ಹಿಡಿತ ಸಿಗುತ್ತೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತೆ, ನಮ್ಮಂಥವರ ಕೈಯಲ್ಲಿ ಅದನ್ನು ಹಿಡಿಯೋಕೆ ಆಗಲ್ಲ. ಅದಕ್ಕೇ ಒಳ್ಳೆಯ ಜೋಡಿ ಹಿಂದೆ. ನಾಲ್ಕೂ ಸಮ ಸವೆಯಲಿ ಅಂತ 10,000 ಕಿ.ಮೀ.ಗೊಮ್ಮೆ ಜಾಗ ಬದಲಿಸುತ್ತೇನೆ: ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡ ದಾಟಿ ಮುಂದಕ್ಕೆ. ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇರುವ ಟೈರನ್ನು ಮಾತ್ರ ಬದಿ ಬದಲಿಸಬಾರದು.

ಪಂಕ್ಚರ್ ವಿಷಯದಲ್ಲಿ ನಾನು ಈಗ ಹಟಮಾರಿ. ಹೊರಗಿನಿಂದ ದಾರ ತುರುಕಿ ಕಳಿಸೋದು ಮನೆ ತಲುಪೋಕೆ ಸಾಕು, ಆಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸುತ್ತೇನೆ. ಬಿಚ್ಚಿದರೆ ಮಾತ್ರ ಒಳಗೆ ಆ ಕಪ್ಪು ಪುಡಿ ಇದೆಯಾ ಅಂತ ಗೊತ್ತಾಗೋದು. ತೂತು 6 ಮಿ.ಮೀ.ಗಿಂತ ದೊಡ್ಡದಿದ್ದರೆ, ಅಥವಾ ಪಕ್ಕದ ಗೋಡೆಯಲ್ಲಿ, ಇಲ್ಲವೇ ಟ್ರೆಡ್ ಆ ಗೋಡೆಗೆ ಸೇರುವ ಭುಜದ ಅಂಚಿನಲ್ಲಿ ಇದ್ದರೆ ರಿಪೇರಿ ಬೇಡ. ಸಿಡಿದ ನನ್ನ ಟೈರಿನ ಪಂಕ್ಚರ್ ಭುಜದ ಅಂಚಿನಲ್ಲೇ ಇತ್ತು.

ಚಕ್ರ ಬದಲಿಸುವಾಗ ನೆಲ ಗಟ್ಟಿ ಮತ್ತು ಸಮ ಇರಲಿ. ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟು, ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಜ್ಯಾಕ್ ಏರಿಸುತ್ತೇನೆ. ಜ್ಯಾಕ್ ಮೇಲೆ ನಿಂತ ಗಾಡಿ ಕೆಳಗೆ ಕೈ ಕಾಲು ಯಾವುದೂ ಹೋಗಬಾರದು. ನಟ್ ಬಿಗಿಸೋದು ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದು. 50-100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡುತ್ತೇನೆ.

ಕೊನೆಗೆ ಸ್ಟೆಪ್ನಿ. ನೋಟ್‌ಬುಕ್‌ನ ಐದನೇ ಅಂಕಿ ಸೇರಿದ್ದು ಅಪ್ಪನ ಕಾರಿನಿಂದ. ಅವರ ಗಾಡಿ ಹೆಚ್ಚು ಓಡುತ್ತಿರಲಿಲ್ಲ, ಸ್ಟೆಪ್ನಿಯಂತೂ ಒಮ್ಮೆಯೂ ನೆಲ ಮುಟ್ಟಿರಲಿಲ್ಲ, ಟ್ರೆಡ್ ನೋಡಿದರೆ ಹೊಸದೇ. "ಇದನ್ನೇ ಮುಂದೆ ಹಾಕೋ, ಸುಮ್ನೆ ಯಾಕೆ ದುಡ್ಡು" ಅಂದರು. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿದೆ. 2308. ಅಂದರೆ 2008ನೇ ಇಸವಿಯ 23ನೇ ವಾರ ತಯಾರಾದದ್ದು, ಆಗಲೇ ಹನ್ನೊಂದು ವರ್ಷ ದಾಟಿತ್ತು. ಬೆರಳಿಂದ ಗೋಡೆ ಒತ್ತಿದಾಗ ಒಣಗಿದ ಕೆರೆಯ ಮಣ್ಣಿನ ಹಾಗೆ ಸಣ್ಣ ಬಿರುಕುಗಳು ಬಾಯಿ ಬಿಟ್ಟವು. ಓಡದೆ ಇದ್ದರೂ ರಬ್ಬರ್ ವಯಸ್ಸಾಗಿ ಗಟ್ಟಿಯಾಗುತ್ತೆ. ಅಪ್ಪನೂ ಬೆರಳಿಟ್ಟು ನೋಡಿದರು, ಆಮೇಲೆ ವಾದ ಮಾಡಲಿಲ್ಲ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ತೋರಿಸುತ್ತೇನೆ, ಹತ್ತು ವರ್ಷದ್ದನ್ನು ಎಷ್ಟೇ ಚೆನ್ನಾಗಿದ್ದರೂ ಇಟ್ಟುಕೊಳ್ಳಲ್ಲ. ಹೊಸದು ತಗೊಳ್ಳುವಾಗಲೂ ದುಡ್ಡು ಕೊಡುವ ಮೊದಲು ಈ ನಾಲ್ಕು ಅಂಕಿ ಓದುತ್ತೇನೆ, ನಾಲ್ಕೂ ಟೈರಿನದ್ದು.

ಈಗ ಅಪ್ಪನ ಕಾರಿಗೂ ಒಂದು ನೋಟ್‌ಬುಕ್ ಇದೆ. ಅಲ್ಲಿ ಗೇಜ್ ಹಿಡಿಯೋದು ಅವರೇ, ಬರೆಯೋದೂ ಅವರೇ.