ಮಳೆಗಾಲದಲ್ಲೊಂದು ಪೇಪರ್: ಜರ್ನಲ್‌ಗೆ ಸಂಶೋಧನಾ ಲೇಖನ ಕಳಿಸುವುದು ಹೇಗೆ?

ಜೂನ್ 1 ಬಂತೆಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಯಾಂತ್ರಿಕ ದೋಣಿಗಳೆಲ್ಲ ಸಾಲಾಗಿ ನಿಂತುಬಿಡುತ್ತವೆ. ಜುಲೈ 31ರ ತನಕ, 61 ದಿನ, ಮೀನುಗಾರಿಕೆಗೆ ನಿಷೇಧ. ಮೀನುಗಾರರು ಬಲೆ ಸರಿ ಮಾಡುತ್ತಾರೆ, ಇಂಜಿನ್ ಬಿಚ್ಚುತ್ತಾರೆ. ಕೋಡಿಬಾಗದ ಕಡಲಜೀವಶಾಸ್ತ್ರ ವಿಭಾಗದ ವಿದ್ಯಾರ್ಥಿಗಳಿಗೂ ಆಗ ಸ್ಯಾಂಪಲ್ ತರುವ ಓಡಾಟ ಕಡಿಮೆ. ಅತ್ತ ಶಿರಸಿಯ ಅರಣ್ಯ ಕಾಲೇಜಿನವರಿಗೆ ಉಂಬಳದ ಕಾಟ, ಕಾಡಿಗೆ ಕಾಲಿಡುವ ಹಾಗಿಲ್ಲ. ಪೇಪರ್ ಬರೆಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಆದರೆ ಹೆಚ್ಚಿನವರು ಮಾಡುವುದೇನು? ಲ್ಯಾಪ್‌ಟಾಪ್ ತೆರೆದು ಮೇಲೆ ‘ಪೀಠಿಕೆ’ ಎಂದು ಟೈಪ್ ಮಾಡಿ, ಕೆಳಗೆ ಏನು ಬರೆಯಬೇಕೆಂದು ತೋಚದೆ ಮಳೆ ನೋಡುತ್ತಾ ಕೂರುತ್ತಾರೆ. ನಾನೂ ಹಾಗೇ ಒಂದು ಇಡೀ ಜೂನ್ ಕಳೆದವನು. ಪೀಠಿಕೆಯಿಂದ ಶುರು ಮಾಡಬೇಡಿ. ಎಲ್ಲಿಂದ ಶುರು ಮಾಡಬೇಕು, ಹೇಳುತ್ತೇನೆ.

ಮೊದಲು ಒಂದು ವಾಕ್ಯ

ನೀವು ಎರಡು ವರ್ಷ ಅಘನಾಶಿನಿ ಅಳಿವೆಯಲ್ಲಿ, ಅಂದರೆ ನದಿ ಕಡಲು ಸೇರುವ ಜಾಗದಲ್ಲಿ, ಬಳಚು ಎಂಬ ಚಿಪ್ಪುಜೀವಿಯನ್ನು ಅಳೆದಿದ್ದೀರಿ ಅಂದುಕೊಳ್ಳಿ. ಚಿಪ್ಪಿನ ಉದ್ದ ಇದೆ, ನೀರಿನ ಉಪ್ಪಿನಂಶ ಇದೆ, ಮಣ್ಣಿನ ಲೆಕ್ಕ ಇದೆ. ಬಳಚು ಆರಿಸುವ ಹೆಂಗಸರು ಹೇಳಿದ ಮಾತುಗಳೂ ಡೈರಿಯಲ್ಲಿವೆ, ಕುಮಟಾ ಪೇಟೆಯ ದರವೂ ಇದೆ. ಇದೆಲ್ಲವನ್ನೂ ಒಂದೇ ಪೇಪರಿಗೆ ತುಂಬುವ ಆಸೆ ಎಲ್ಲರಿಗೂ ಇರುತ್ತದೆ. ಕಷ್ಟಪಟ್ಟಿದ್ದೇವಲ್ಲ, ಬಿಡಲು ಮನಸ್ಸು ಬರುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಕನ್ನಡದಲ್ಲೇ ಒಂದು ವಾಕ್ಯ ಬರೆಯಿರಿ. ಉದಾಹರಣೆಗೆ, ‘ಮಳೆಗಾಲದಲ್ಲಿ ಉಪ್ಪು ಕಡಿಮೆಯಾದ ಜಾಗದಲ್ಲಿ ಮರಿ ಬಳಚಿನ ಸಂಖ್ಯೆಯೂ ಕಡಿಮೆ ಇತ್ತು.’ ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿ. ‘ಹೌದಾ, ಯಾಕೆ?’ ಎಂದು ಕೇಳಿದರೆ ನಿಮ್ಮ ಹತ್ತಿರ ಪೇಪರ್ ಇದೆ. ‘ಅದರಲ್ಲೇನಿದೆ?’ ಎಂದರೆ ಇನ್ನೊಂದು ವಾಕ್ಯ ಹುಡುಕಿ. ಈ ವಾಕ್ಯಕ್ಕೆ ಬೇಕಾದ ಅಂಕಿ ಮಾತ್ರ ಪೇಪರಿನಲ್ಲಿರಲಿ. ಪೇಟೆಯ ದರ ಇನ್ನೊಂದು ಪೇಪರಿಗೆ ಕಾಯಲಿ. ಹಾಗಂತ ಒಂದೇ ಪ್ರಶ್ನೆಯ ಉತ್ತರವನ್ನು ನಾಲ್ಕು ತುಂಡು ಮಾಡಿ ನಾಲ್ಕು ಜರ್ನಲ್‌ಗೆ ಕಳಿಸುವ ಚಾಳಿ ಬೇಡ. ಸಂಪಾದಕರಿಗೆ ಅದು ಬೇಗ ಗೊತ್ತಾಗುತ್ತದೆ.

ಬರೆಯುವ ಮೊದಲೇ ಜರ್ನಲ್ ಆರಿಸಿ

ಬರೆದು ಮುಗಿಸಿ ಆಮೇಲೆ ಜರ್ನಲ್ ಹುಡುಕುವುದು, ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ. ನನ್ನ ಮೊದಲ ಪೇಪರ್ ಕಾಳಿ ನದಿಯ ಅಳಿವೆ ಬಗ್ಗೆ. ವಿದೇಶದ ಒಂದು ಜರ್ನಲ್‌ಗೆ ಕಳಿಸಿದೆ. ನಾಲ್ಕೇ ದಿನಕ್ಕೆ ವಾಪಸ್ ಬಂತು. ನನ್ನ ಇಂಗ್ಲಿಷ್ ಚೆನ್ನಾಗಿಲ್ಲ ಎಂದು ವಾರಗಟ್ಟಲೆ ಕೊರಗಿದೆ. ಆಮೇಲೆ ನೋಡಿದರೆ ಅವರ ಪುಟದಲ್ಲೇ ಸ್ಪಷ್ಟವಾಗಿ ಬರೆದಿತ್ತು, ಆಳ ಸಮುದ್ರದ ಅಧ್ಯಯನ ಮಾತ್ರ ತೆಗೆದುಕೊಳ್ಳುತ್ತೇವೆ ಎಂದು. ನಾನು ಓದಿರಲಿಲ್ಲ.

ಹುಡುಕುವ ದಾರಿ ಸುಲಭ. ನೀವು ಜಾಸ್ತಿ ಉಲ್ಲೇಖಿಸುವ ಲೇಖನಗಳು ಎಲ್ಲಿ ಬಂದಿವೆ ನೋಡಿ. ಅಲ್ಲೇ ನಿಮ್ಮ ಓದುಗರೂ ಇರುತ್ತಾರೆ. ನಮ್ಮ ಕರಾವಳಿಯ ವಿಷಯಕ್ಕೆ ‘ಇಂಡಿಯನ್ ಜರ್ನಲ್ ಆಫ್ ಫಿಶರೀಸ್’ ಇದೆ. 1959ರಿಂದ ಬರುತ್ತಿರುವ ‘ಜರ್ನಲ್ ಆಫ್ ದಿ ಮರೀನ್ ಬಯಾಲಾಜಿಕಲ್ ಅಸೋಸಿಯೇಷನ್ ಆಫ್ ಇಂಡಿಯಾ’ ಇದೆ. ಎಲ್ಲ ವಿಜ್ಞಾನಕ್ಕೂ ಜಾಗ ಕೊಡುವ, 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಬೆಂಗಳೂರಿನಲ್ಲೇ ಇದೆ. ಶಿರಸಿಯವರಿಗೆ ಡೆಹ್ರಾಡೂನಿನ ‘ಇಂಡಿಯನ್ ಫಾರೆಸ್ಟರ್’, ಅದು 1875ರಷ್ಟು ಹಳೆಯದು. ವಿದೇಶದ್ದೇ ಆಗಬೇಕೆಂಬ ಹಟ ನನಗಂತೂ ಅರ್ಥವಾಗುವುದಿಲ್ಲ. ಬಳಚಿನ ಬಗ್ಗೆ ಓದಬೇಕಾದವರು ಕೊಚ್ಚಿಯಲ್ಲಿ, ಗೋವಾದಲ್ಲಿ ಇದ್ದಾರೆ.

ನಕಲಿ ಜರ್ನಲ್‌ಗಳ ಬಗ್ಗೆ ಎಚ್ಚರ. ‘ಗೌರವಾನ್ವಿತ ಪ್ರೊಫೆಸರ್, ನಿಮ್ಮ ಅಮೋಘ ಸಂಶೋಧನೆ ನೋಡಿ ಬೆರಗಾದೆವು’ ಎಂದು ಎಂಎಸ್ಸಿ ವಿದ್ಯಾರ್ಥಿಗೆ ಮೇಲ್ ಬಂದರೆ ನಕ್ಕು ಅಳಿಸಿ. ಮೂರು ದಿನದಲ್ಲಿ ಪ್ರಕಟಣೆ, ಮೀನಿನಿಂದ ಮ್ಯಾನೇಜ್‌ಮೆಂಟ್ ತನಕ ಎಲ್ಲ ವಿಷಯವೂ ಒಂದೇ ಸಂಚಿಕೆಯಲ್ಲಿ, ದುಡ್ಡು ಮಾತ್ರ ಮೊದಲು. ಗುರುತು ಇಷ್ಟೇ. ಮೊದಲು ಒಪ್ಪಿತ ಜರ್ನಲ್‌ಗಳ ಯುಜಿಸಿಯ ಕೇರ್ ಪಟ್ಟಿ ನೋಡಿ ಸುಮ್ಮನಾಗಬಹುದಿತ್ತು. 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟಿದ್ದಾರೆ. ಈಗ ನೀವೇ ನೋಡಬೇಕು: ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಜರ್ನಲ್ ಸೂಚಿಗಳಲ್ಲಿ ಒಂದರಲ್ಲಾದರೂ ಇದೆಯೇ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಪ್ರವೇಶದ್ದಾದರೆ ಅಂಥ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿದೆಯೇ, ಸಂಪಾದಕ ಮಂಡಳಿಯವರು ನಿಜವಾಗಿ ಇದ್ದಾರೆಯೇ. ಶುಲ್ಕ ಕೇಳುವ ಜರ್ನಲ್‌ಗಳೆಲ್ಲ ನಕಲಿ ಅಲ್ಲ. ಓದುಗರಿಗೆ ಉಚಿತವಾಗಿ ಕೊಡುವ ಒಳ್ಳೆಯ ಜರ್ನಲ್‌ಗಳೂ ಲೇಖಕರಿಂದ ಶುಲ್ಕ ಪಡೆಯುತ್ತವೆ. ಎಷ್ಟು, ಯಾವಾಗ ಎಂದು ಮೊದಲೇ ತಿಳಿದುಕೊಳ್ಳಿ.

ಜರ್ನಲ್ ಗೊತ್ತಾದ ಮೇಲೆ ಅವರ ‘ಲೇಖಕರಿಗೆ ಸೂಚನೆ’ ಪುಟವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಪದಗಳ ಮಿತಿ, ಉಲ್ಲೇಖದ ಶೈಲಿ, ಚಿತ್ರದ ಅಳತೆ ಎಲ್ಲ ಅದರಲ್ಲಿದೆ.

ಬರೆಯುವುದು, ಹಿಂದಿನಿಂದ ಮುಂದಕ್ಕೆ

ಅಚ್ಚಾದ ಪೇಪರಿನ ಕ್ರಮ ಎಲ್ಲರಿಗೂ ಗೊತ್ತು. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಬರೆಯುವ ಕ್ರಮ ಬೇರೆ. ಮೊದಲು ಚಿತ್ರ ಮತ್ತು ಕೋಷ್ಟಕ. ಆಮೇಲೆ ವಿಧಾನ, ಫಲಿತಾಂಶ, ಚರ್ಚೆ. ಪೀಠಿಕೆ ಆಮೇಲೆ. ಸಾರಾಂಶ ಮತ್ತು ಶೀರ್ಷಿಕೆ ಎಲ್ಲಕ್ಕಿಂತ ಕೊನೆಗೆ.

ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಬರೀ ಅವನ್ನು ನೋಡಿದರೆ ನಿಮ್ಮ ಆ ಒಂದು ವಾಕ್ಯ ಹೊಳೆಯುತ್ತದೆಯೇ ಪರೀಕ್ಷಿಸಿ. ಹೊಳೆಯದಿದ್ದರೆ ಚಿತ್ರ ಬದಲಿಸಿ. ಒಂದೇ ಅಂಕಿಯನ್ನು ಕೋಷ್ಟಕದಲ್ಲೂ ಗ್ರಾಫ್‌ನಲ್ಲೂ ಎರಡೆರಡು ಸಲ ತೋರಿಸಬೇಡಿ.

ವಿಧಾನದ ಭಾಗಕ್ಕೆ ಸಮಯ ಕೊಡಿ. ನಮ್ಮ ಹುಡುಗರು ತುಂಬ ಅವಸರ ಮಾಡುವುದು ಇಲ್ಲೇ. ‘ಅಳಿವೆಯಿಂದ ಬಳಚು ಸಂಗ್ರಹಿಸಲಾಯಿತು’ ಎಂದು ಬರೆದು ಮುಂದೆ ಹೋಗುತ್ತಾರೆ. ಯಾವ ಊರಿನ ದಡ? ಇಳಿತ ಎಷ್ಟು ಹೊತ್ತಿಗೆ? ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತವೋ, ಅಷ್ಟಮಿಯ ಸಣ್ಣದೋ? 50 ಸೆಂಟಿಮೀಟರ್ ಚೌಕದ ಕ್ವಾಡ್ರಾಟ್ ಎಂಬ ಚೌಕಟ್ಟು ಇಟ್ಟಿರೋ, ಕೈಗೆ ಸಿಕ್ಕಿದ್ದನ್ನು ಆರಿಸಿದಿರೋ? ಎಷ್ಟು ಆಳಕ್ಕೆ ಮಣ್ಣು ತೆಗೆದಿರಿ? ಜರಡಿಯ ಕಣ್ಣು 1 ಮಿಲಿಮೀಟರೋ 5 ಮಿಲಿಮೀಟರೋ? ಜರಡಿಯ ಕಣ್ಣು ದೊಡ್ಡದಿದ್ದರೆ ಮರಿಗಳೆಲ್ಲ ಸೋರಿಹೋಗುತ್ತವೆ, ಆಮೇಲೆ ‘ಮರಿ ಕಡಿಮೆ’ ಎನ್ನುವ ನಿಮ್ಮ ಮಾತಿಗೆ ಬೆಲೆ ಇಲ್ಲ. ಹೊನ್ನಾವರದಲ್ಲಿ ಕೂತ ಒಬ್ಬರು ನಿಮ್ಮ ಪೇಪರನ್ನಷ್ಟೇ ಕೈಯಲ್ಲಿ ಹಿಡಿದು ಶರಾವತಿಯಲ್ಲಿ ಅದೇ ಕೆಲಸ ಮಾಡುವಂತಿರಬೇಕು. ನಿಮಗೆ ಫೋನ್ ಮಾಡುವ ಅಗತ್ಯ ಬರಬಾರದು.

ಜೀವಿಯ ಹೆಸರೂ ಇದೇ ಭಾಗದ ಕೆಲಸ. ಕುಮಟಾದ ಬಳಚು ಕಾರವಾರದ ಕೊಂಕಣಿ ಬಾಯಲ್ಲಿ ತಿಸರೆ. ಸ್ಥಳೀಯ ಹೆಸರನ್ನು ಖಂಡಿತ ಕೊಡಿ, ಜೊತೆಗೆ ವೈಜ್ಞಾನಿಕ ಹೆಸರನ್ನು ಓರೆ ಅಕ್ಷರದಲ್ಲಿ ಬರೆಯಿರಿ. ಅದೂ ಸ್ಥಿರವಲ್ಲ ನೋಡಿ! ಹಳೆಯ ಲೇಖನಗಳಲ್ಲಿ ‘ಪಾಫಿಯಾ ಮಲಬಾರಿಕಾ’ ಎಂದಿದ್ದ ಬಳಚಿಗೆ ಈಗ ಒಪ್ಪಿತ ಹೆಸರು ‘ಪ್ರೊಟೇಪ್ಸ್ ಗ್ಯಾಲಸ್’. ಕಡಲ ಜೀವಿಗಳಿಗೆ ವರ್ಮ್ಸ್ ಎಂಬ ಜಾಗತಿಕ ಪಟ್ಟಿ ಜಾಲತಾಣದಲ್ಲಿ ಉಚಿತವಾಗಿದೆ. ಕಳಿಸುವ ಹಿಂದಿನ ದಿನ ಒಮ್ಮೆ ಅದರಲ್ಲಿ ಹುಡುಕಿ.

ಫಲಿತಾಂಶದಲ್ಲಿ ಕಂಡದ್ದನ್ನು ಮಾತ್ರ ಹೇಳಿ. ಸರಾಸರಿ ಕೊಟ್ಟರೆ ಅದರ ಏರಿಳಿತವನ್ನೂ, ಎಷ್ಟು ಬಳಚು ಅಳೆದಿರಿ ಎಂಬುದನ್ನೂ ಕೊಡಿ. ಸಾಫ್ಟ್‌ವೇರ್ ‘ಪಿ = 0.000’ ಎಂದು ತೋರಿಸಿದರೆ ಹಾಗೇ ನಕಲು ಮಾಡಬೇಡಿ. ಪಿ ಅಂದರೆ, ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ. ಸೊನ್ನೆ ಸಾಧ್ಯತೆ ಎಂಬುದಿಲ್ಲ. ‘0.001ಕ್ಕಿಂತ ಕಡಿಮೆ’ ಎಂದು ಬರೆಯಿರಿ.

ಚರ್ಚೆಯಲ್ಲಿ ನಾಲಿಗೆ ಬಿಗಿ ಹಿಡಿಯಿರಿ. ಉಪ್ಪು ಇಳಿದಾಗ ಮರಿಯೂ ಇಳಿಯಿತು ಎಂದರೆ ಉಪ್ಪೇ ಕಾರಣ ಎಂದಾಗಲಿಲ್ಲ. ಅದೇ ಮಳೆಗೆ ಹೂಳೂ ಬಂದಿರುತ್ತದಲ್ವಾ? ನಿಮ್ಮ ಅಧ್ಯಯನದ ಕೊರತೆಯನ್ನು ನೀವೇ ಹೇಳಿಬಿಡಿ. ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ತಜ್ಞರು, ಅಂದರೆ ವಿಮರ್ಶಕರು, ಕಂಡುಹಿಡಿಯುವುದಕ್ಕಿಂತ ಅದೇ ಮರ್ಯಾದೆ. ಪೀಠಿಕೆ ಮೂರ್ನಾಲ್ಕು ಪ್ಯಾರಾ ಸಾಕು. ಅಘನಾಶಿನಿ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು ಎಂಬುದು ನಿಮ್ಮ ಪ್ರಶ್ನೆಗೆ ಬೇಕಿದ್ದರೆ ಬರಲಿ, ಊರಿನ ಹೆಮ್ಮೆಗಾಗಿ ಬೇಡ.

ಯಾರ ಹೆಸರು?

ಜಗಳ ಬರುವ ಜಾಗ ಇದು. ಕೆಲಸ ಶುರುವಾಗುವ ಮೊದಲೇ ಮಾತಾಡಿ ಮುಗಿಸಿ. ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮವನ್ನು ಬೇರೆ ಕ್ಷೇತ್ರದವರೂ ಒಪ್ಪುತ್ತಾರೆ: ಅಧ್ಯಯನದಲ್ಲಿ ದೊಡ್ಡ ಪಾಲಿರಬೇಕು, ಬರವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಕೈಯಿರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ಪೇಪರಿನ ಹೊಣೆ ಹೊರಬೇಕು. ನಾಲ್ಕೂ ಇದ್ದವರು ಲೇಖಕರು. ಲ್ಯಾಬಿನ ಬೀಗದ ಕೈ ಕೊಟ್ಟವರು, ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ ಹೆಸರು ಹಾಕುವ ರೂಢಿ ನಮ್ಮಲ್ಲಿ ಇದೆ. ತಪ್ಪು ಅದು. ಅವರಿಗೆ ಕೃತಜ್ಞತೆಯ ಭಾಗವಿದೆ. ಎಲ್ಲಿ ಬಳಚು ಸಿಗುತ್ತದೆ ಎಂದು ತೋರಿಸಿಕೊಟ್ಟ ಹೆಂಗಸರನ್ನೂ ಅಲ್ಲಿ ನೆನೆಯಿರಿ, ಅವರನ್ನು ಕೇಳಿ ಒಪ್ಪಿದರೆ ಹೆಸರು ಹಿಡಿದೇ.

ನಕಲು ತಪಾಸಣೆಯನ್ನು ಕಾಲೇಜಿನ ಲೈಬ್ರರಿಯಲ್ಲಿ ಮಾಡಿಸಿ. ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ಆ 10ರೊಳಗೆ ಬೇರೆಯವರ ಒಂದು ಇಡೀ ಪ್ಯಾರಾ ಇದ್ದರೂ ಕಳ್ಳತನವೇ. ಇಂಗ್ಲಿಷ್ ತಿದ್ದಲು ಚಾಟ್‌ಜಿಪಿಟಿಯಂಥದನ್ನು ಬಳಸಿದ್ದರೆ ಜರ್ನಲ್‌ನ ನಿಯಮ ನೋಡಿ, ಕೇಳಿದ ಕಡೆ ಹೇಳಿ. ಅದನ್ನು ಲೇಖಕ ಎಂದು ಹಾಕುವಂತಿಲ್ಲ. ಉಲ್ಲೇಖ ಹುಡುಕಿಕೊಡು ಎಂದು ಮಾತ್ರ ಅದನ್ನು ಕೇಳಬೇಡಿ. ಇಲ್ಲದ ಪೇಪರನ್ನು ಇದ್ದ ಹಾಗೆ ಹೇಳುತ್ತದೆ. ಪ್ರತಿ ಉಲ್ಲೇಖದ ಡಿಒಐ, ಅಂದರೆ ಜಾಲದಲ್ಲಿ ಆ ಲೇಖನದ ಶಾಶ್ವತ ಗುರುತು, ಒತ್ತಿ ತೆರೆದು ನೋಡಿ. ಜೊಟೆರೊ ಎಂಬ ಉಚಿತ ತಂತ್ರಾಂಶ ಇದ್ದರೆ ಉಲ್ಲೇಖಗಳನ್ನು ಜೋಡಿಸುವ ತಲೆನೋವು ಅರ್ಧ ಕಡಿಮೆ.

ಕಳಿಸುವ ದಿನ

ಜರ್ನಲ್‌ನ ಪೋರ್ಟಲ್‌ನಲ್ಲಿ ಖಾತೆ ತೆರೆಯಿರಿ. ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಸಂಖ್ಯೆ ಉಚಿತ, ಮಾಡಿಸಿಕೊಳ್ಳಿ. ನಮ್ಮಲ್ಲಿ ಒಂದೇ ಹೆಸರಿನ ನಾಯ್ಕರು, ಹೆಗಡೆಯವರು ಎಷ್ಟು ಜನರಿದ್ದಾರೆ! ಫೈಲ್‌ಗಳಿಗೆ ‘ಫೈನಲ್’, ‘ಫೈನಲ್2’, ‘ನಿಜವಾದ ಫೈನಲ್’ ಎಂದೆಲ್ಲ ಹೆಸರಿಡದೆ ತಾರೀಖು ಹಾಕಿ. ಲೇಖಕರ ಹೆಸರು ಮುಚ್ಚಿಟ್ಟು ವಿಮರ್ಶೆ ಮಾಡುವ ಜರ್ನಲ್ ಆದರೆ ಹೆಸರಿರುವ ಪುಟವನ್ನು ಬೇರೆ ಫೈಲ್ ಮಾಡಿ. ಚಿತ್ರಗಳಿಗೆ ಸಾಮಾನ್ಯವಾಗಿ 300 ಡಿಪಿಐ ಸ್ಪಷ್ಟತೆ ಕೇಳುತ್ತಾರೆ. ಮಳೆಗಾಲದ ಕರೆಂಟ್ ನಂಬಬೇಡಿ, ಪ್ರತಿ ಹಂತದಲ್ಲೂ ಸೇವ್ ಒತ್ತಿ.

ಕವರ್ ಲೆಟರ್ ಅರ್ಧ ಪುಟ ಸಾಕು. ಏನು ಕಂಡಿರಿ, ಈ ಜರ್ನಲ್‌ನ ಓದುಗರಿಗೆ ಯಾಕೆ ಬೇಕು, ಬೇರೆಲ್ಲೂ ಕಳಿಸಿಲ್ಲ. ಮೂರೇ ಮಾತು. ‘ಬೇರೆಲ್ಲೂ ಕಳಿಸಿಲ್ಲ’ ಎಂಬುದು ನಿಜವಾಗಿರಲಿ. ಒಂದು ಸಲಕ್ಕೆ ಒಂದೇ ಜರ್ನಲ್. ವಿಮರ್ಶಕರ ಹೆಸರು ಸೂಚಿಸಿ ಎಂದು ಕೇಳಿದರೆ ವಿಷಯ ಬಲ್ಲವರನ್ನು ಸೂಚಿಸಿ, ನಿಮ್ಮ ಗೈಡ್‌ನ ಗೆಳೆಯರನ್ನಲ್ಲ.

ಉತ್ತರ ಬಂದಾಗ

ಕಾಯಬೇಕು, ತಿಂಗಳುಗಟ್ಟಲೆ. ಆಗಸ್ಟ್‌ನಲ್ಲಿ ದೋಣಿ ಕಡಲಿಗಿಳಿದು, ಬಂಗಡೆ ಪೇಟೆಗೆ ಬಂದು, ದೀಪಾವಳಿ ಕಳೆದರೂ ಉತ್ತರ ಇರುವುದಿಲ್ಲ. ತೀರಾ ತಡವಾದರೆ ಸಂಪಾದಕರಿಗೆ ಎರಡು ಸಾಲಿನ ವಿನಯದ ಮೇಲ್ ಬರೆಯಬಹುದು.

‘ಮೇಜರ್ ರಿವಿಜನ್’, ಅಂದರೆ ದೊಡ್ಡ ತಿದ್ದುಪಡಿ ಬೇಕು, ಎಂದು ಬಂದರೆ ಮುಖ ಸಣ್ಣದು ಮಾಡಬೇಡಿ. ಬಾಗಿಲು ಮುಚ್ಚಿಲ್ಲ ಎಂದರ್ಥ. ಮೊದಲ ದಿನ ಓದಿ, ಸಿಟ್ಟು ಬರುತ್ತದೆ, ಎತ್ತಿಡಿ. ಮೂರನೇ ದಿನ ತೆಗೆಯಿರಿ. ಅವರ ಪ್ರತಿ ಮಾತನ್ನೂ ಒಂದೊಂದಾಗಿ ನಕಲು ಮಾಡಿ, ಅದರ ಕೆಳಗೇ ನಿಮ್ಮ ಉತ್ತರ ಬರೆಯಿರಿ. ‘ಜುಲೈ ತಿಂಗಳ ಅಂಕಿ ಯಾಕಿಲ್ಲ?’ ಎಂದು ಕೇಳಿದ್ದಾರೆ ಅಂದುಕೊಳ್ಳಿ. ‘ಗಮನಿಸಿದ್ದಕ್ಕೆ ವಂದನೆ. ನೆರೆಯಿಂದಾಗಿ ಆ ತಿಂಗಳು ದಡಕ್ಕೆ ಇಳಿಯಲಾಗಲಿಲ್ಲ. ಇದನ್ನು ವಿಧಾನದ ಭಾಗದಲ್ಲಿ, 112ನೇ ಸಾಲಿನಲ್ಲಿ ಸೇರಿಸಿದ್ದೇವೆ’ ಎಂದು ಉತ್ತರಿಸಿ. ಸಾಲಿನ ಸಂಖ್ಯೆ ಕೊಟ್ಟರೆ ಅವರಿಗೆ ಹುಡುಕುವ ಕೆಲಸವಿಲ್ಲ. ವಿಮರ್ಶಕರಿಗೆ ಅರ್ಥವಾಗದ ಜಾಗ ಸಿಕ್ಕರೆ ತಪ್ಪು ಬಹುಪಾಲು ನಮ್ಮ ವಾಕ್ಯದ್ದೇ. ಅವರು ಹೇಳಿದ್ದು ನಿಜಕ್ಕೂ ಸರಿಯಿಲ್ಲದಿದ್ದರೆ ಒಪ್ಪಬೇಕಿಲ್ಲ. ಕಾರಣ ಕೊಡಿ, ಅಂಕಿ ತೋರಿಸಿ, ದನಿ ಏರಿಸಬೇಡಿ.

ತಿರಸ್ಕೃತವಾದರೆ? ವಿಮರ್ಶೆಯಲ್ಲಿ ಸರಿಯೆನಿಸಿದ್ದನ್ನು ತಿದ್ದಿ ಮುಂದಿನ ಜರ್ನಲ್‌ಗೆ ಕಳಿಸಿ. ತಿದ್ದದೆ ಕಳಿಸಿದರೆ ಅದೇ ವಿಮರ್ಶಕರ ಕೈಗೇ ಮತ್ತೆ ಹೋಗುವ ಸಾಧ್ಯತೆ ಇದೆ. ಕ್ಷೇತ್ರ ಸಣ್ಣದು.

ಒಪ್ಪಿಗೆಯಾದ ಮೇಲೆ ಅಚ್ಚಿಗೆ ಮೊದಲಿನ ಕರಡು, ಪ್ರೂಫ್, ಬರುತ್ತದೆ, ಎರಡು ಮೂರು ದಿನದಲ್ಲಿ ನೋಡಿಕೊಡಿ ಎನ್ನುತ್ತಾರೆ. ಖುಷಿಯಲ್ಲಿ ಯಾರೂ ಸರಿಯಾಗಿ ಓದುವುದಿಲ್ಲ. ಹೆಸರು, ಊರು, ಕೋಷ್ಟಕದ ದಶಮಾಂಶ, ಅಕ್ಷಾಂಶ ರೇಖಾಂಶ ಇಷ್ಟನ್ನಾದರೂ ಬೆರಳಿಟ್ಟು ಓದಿ. ಕಾರವಾರ ಇರುವುದು ಉತ್ತರಕ್ಕೆ ಸುಮಾರು 14.8 ಡಿಗ್ರಿ, ಪೂರ್ವಕ್ಕೆ 74.1. ಆಮೇಲೆ ಬೇರೆಡೆ ಅಚ್ಚಾದ ನನ್ನ ಆ ಮೊದಲ ಪೇಪರಿನಲ್ಲಿ ಎರಡೂ ಅದಲುಬದಲಾಗಿವೆ. ತಪ್ಪು ನನ್ನದೇ. ಮೂವರು ಲೇಖಕರು, ಇಬ್ಬರು ವಿಮರ್ಶಕರು, ಯಾರ ಕಣ್ಣಿಗೂ ಬೀಳಲಿಲ್ಲ. ಆ ಲೆಕ್ಕದ ಪ್ರಕಾರ ನಮ್ಮ ಕಾಳಿ ನದಿ ನಾರ್ವೆಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ಕೊರೆಯುವ ಕಡಲಿನಲ್ಲಿ ಹರಿಯುತ್ತಿದೆ. ತಿದ್ದುಪಡಿ ಹಾಕಿಸಲು ಏಳು ತಿಂಗಳು ಹಿಡಿಯಿತು.