ಒಮಿಕ್ರಾನ್ ಬಂದಾಗ ಟಿ ಸೆಲ್ ಚೆಕ್ ಮಾಡಿದ್ದು: ನನ್ನ ಅನುಭವ

2021ರ ಕೊನೇಲಿ ಒಮಿಕ್ರಾನ್ ಬಂತಲ್ಲ, ಆಗ ಲ್ಯಾಬಲ್ಲಿ ಎಲ್ರ ಬಾಯಲ್ಲೂ ಒಂದೇ ಪ್ರಶ್ನೆ, ಆಂಟಿಬಾಡಿ ಅಂತೂ ಕೈಕೊಡ್ತು, ಸೋಂಕಾದ ಸೆಲ್‌ಗಳನ್ನ ಗುರುತು ಹಿಡಿಯೋ ರಕ್ಷಣಾ ಕಣಗಳು, ಅಂದ್ರೆ ಟಿ ಸೆಲ್ ಕಥೆ ಏನು ಅಂತ. ವೈರಸ್ ಮೈಮೇಲಿನ ಮುಳ್ಳಿನಂಥ ಪ್ರೋಟೀನ್ ಸ್ಪೈಕಲ್ಲಿ 30ಕ್ಕಿಂತ ಜಾಸ್ತಿ ಮ್ಯುಟೇಶನ್, ಅದೂ ಆಂಟಿಬಾಡಿ ಹೋಗಿ ಕೂರೋ ಜಾಗದಲ್ಲೇ ತುಂಬಾ. ನಾನು ಮಾಡ್ತಿದ್ದಿದ್ದು ಎಲಿಸ್ಪಾಟ್, ಅಂದ್ರೆ ಎಷ್ಟು ಟಿ ಸೆಲ್ ಪ್ರತಿಕ್ರಿಯಿಸ್ತವೆ ಅಂತ ಚುಕ್ಕೆ ಎಣಿಸಿ ನೋಡೋ ಟೆಸ್ಟ್, ಅದರ ಬಗ್ಗೆ ಸ್ವಲ್ಪ ಬರೀತೀನಿ.

ಆಂಟಿಬಾಡಿ ನೋಡೋದು ಪ್ರೋಟೀನಿನ ಹೊರಗಿನ ಆಕಾರ. ಟಿ ಸೆಲ್‌ಗೆ ಇಡೀ ವೈರಸ್ ಕಾಣೋದೇ ಇಲ್ಲ, ಸೋಂಕಾದ ಸೆಲ್ ಒಳಗೆ ವೈರಸ್ ಪ್ರೋಟೀನ್ ಚೂರುಚೂರಾಗಿ, ಆ ಚೂರು ಎಚ್‌ಎಲ್‌ಎ ಅನ್ನೋ, ಚೂರನ್ನ ಸೆಲ್ ಹೊರಮೈಗೆ ತಂದು ತೋರಿಸೋ ಪ್ರೋಟೀನ್ ಮೇಲೆ ಕೂತು ಹೊರಗೆ ಬಂದ್ರೆ ಮಾತ್ರ ಗುರುತು ಹಿಡಿಯತ್ತೆ. ಸಿಡಿ8 ಅನ್ನೋ ಬಗೆಯ ಟಿ ಸೆಲ್‌ಗೆ ಈ ಚೂರು ಸಾಮಾನ್ಯವಾಗಿ 9 ಅಮೈನೋ ಆಸಿಡ್ ಉದ್ದ. ಸ್ಪೈಕ್ ಉದ್ದ 1273, ಅದರಲ್ಲಿ ಮೂವತ್ತು ಚಿಲ್ಲರೆ ಕಡೆ ಬದಲಾದ್ರೂ ಬದಲಾಗದ ಚೂರುಗಳೇ ಜಾಸ್ತಿ ಉಳ್ಕೊಳ್ತವೆ.

ಟೆಸ್ಟ್ ಮಾಡೋಕೆ ಇಡೀ ಸ್ಪೈಕನ್ನ 15 ಅಮೈನೋ ಆಸಿಡ್ ಉದ್ದದ ಪೆಪ್ಟೈಡ್, ಅಂದ್ರೆ ಪ್ರೋಟೀನ್ ಚೂರು, ಮಾಡಿ, ಪ್ರತಿಯೊಂದೂ ಹಿಂದಿನದರಿಂದ 4 ಹೆಜ್ಜೆ ಮುಂದೆ ಶುರುವಾಗೋ ಹಾಗೆ ಜೋಡಿಸಿದ್ರೆ 315 ಆಗತ್ತೆ. ಮೂಲ ವುಹಾನ್ ಸ್ಪೈಕಿಗೆ ಒಂದು ಸೆಟ್, ಒಮಿಕ್ರಾನ್‌ಗೆ ಒಂದು. ಇಲ್ಲಿ ಒಂದು ಎಚ್ಚರ, ಕೆಲವು ರೆಡಿಮೇಡ್ ಪೂಲಲ್ಲಿ (ಹಲವು ಪೆಪ್ಟೈಡ್ ಒಟ್ಟಿಗೆ ಬೆರೆಸಿದ್ದು) ಮ್ಯುಟೇಶನ್ ಇರೋ ಭಾಗದ ಪೆಪ್ಟೈಡ್ ಮಾತ್ರ ಇರತ್ತೆ, ಅದನ್ನ ಹಾಕಿ ನೋಡಿದ್ರೆ ಟಿ ಸೆಲ್ಲೂ ಸೋತೇ ಹೋಯ್ತು ಅನ್ನಿಸತ್ತೆ, ಇಡೀ ಸ್ಪೈಕ್ ಪೂಲ್ ಹಾಕಿದ್ರೆ ಅಷ್ಟೇನೂ ಆಗಿಲ್ಲ ಅನ್ನಿಸತ್ತೆ. ಯಾವ ಪೂಲ್ ಅಂತ ಓದದೆ ಗ್ರಾಫ್ ಮಾತ್ರ ನೋಡೋರು ಜಾಸ್ತಿ, ಏನ್ಮಾಡೋದು.

ರಕ್ತದಿಂದ ತೆಗೆದು ಲಿಕ್ವಿಡ್ ನೈಟ್ರೋಜನ್‌ನಲ್ಲಿಟ್ಟ ಸೆಲ್ ವಯಲನ್ನ 37 ಡಿಗ್ರಿ ನೀರಲ್ಲಿ ಹಿಡಿದು, ಒಳಗೆ ಕಡ್ಲೆಕಾಳಷ್ಟು ಐಸ್ ಉಳಿದಾಗಲೇ ಎತ್ಕೊಂಡು ಬೆಚ್ಚಗಿನ ಮೀಡಿಯಾನ ಹನಿಹನಿಯಾಗಿ ಹಾಕ್ಬೇಕು, ಅವಸರ ಮಾಡಿದ್ರೆ ಅರ್ಧ ಸೆಲ್ ಸತ್ತಿರತ್ತೆ. ರಾತ್ರಿಯೆಲ್ಲಾ ರೆಸ್ಟ್ ಕೊಟ್ಟು, ಮಾರನೇ ದಿನ ಟಿ ಸೆಲ್ ಗುರುತು ಹಿಡಿದಾಗ ಬಿಡೋ ಇಂಟರ್‌ಫೆರಾನ್ ಗಾಮಾನ ಹಿಡಿದುಕೊಳ್ಳೋ ಆಂಟಿಬಾಡಿ ಲೇಪಿಸಿದ ಪ್ಲೇಟಿಗೆ ಒಂದೊಂದು ಗುಂಡಿಗೆ ಸುಮಾರು 2 ಲಕ್ಷ ಸೆಲ್ ಜೊತೆ ಪೆಪ್ಟೈಡ್ ಹಾಕಿ ಇನ್‌ಕ್ಯುಬೇಟರ್‌ಗೆ ಇಡ್ತೀನಿ. ಇಟ್ಟ ಮೇಲೆ ಯಾರೂ ಆ ಬಾಗ್ಲು ಧಡಾರ್ ಅಂತ ಹಾಕೋ ಹಾಗಿಲ್ಲ, ಪ್ಲೇಟ್ ಅಲ್ಲಾಡಿದ್ರೆ ಚುಕ್ಕೆಗೆ ಬಾಲ ಬರತ್ತೆ. ಬಣ್ಣ ಬಂದ ಮೇಲೆ ಒಂದೊಂದು ನೀಲಿ-ನೇರಳೆ ಚುಕ್ಕೆ ಅಂದ್ರೆ ಪೆಪ್ಟೈಡ್ ಗುರುತು ಹಿಡಿದ ಒಂದೊಂದು ಸೆಲ್.

ಬಹುಪಾಲು ಜನರಲ್ಲಿ ಒಮಿಕ್ರಾನ್ ಗುಂಡೀಲಿ ಚುಕ್ಕೆ ಸ್ವಲ್ಪ ಕಮ್ಮಿ, ಆದ್ರೆ ಗುಂಡಿ ಖಾಲಿಯಂತೂ ಅಲ್ಲ. 2022ರಲ್ಲಿ ಕೇಪ್‌ಟೌನ್‌ನವರು ಪ್ರಕಟಿಸಿದ್ದೂ ಹೀಗೇ, ಶೇಕಡಾ 70ರಿಂದ 80ರಷ್ಟು ಪ್ರತಿಕ್ರಿಯೆ ಉಳಿದಿತ್ತು. ಆದ್ರೆ ನನಗೆ ಈ ಪೂಲ್ ಫಲಿತಾಂಶ ನೋಡಿ ಖುಷಿಪಡೋದು ಅಷ್ಟು ಇಷ್ಟ ಆಗಲ್ಲ, ಯಾಕಂದ್ರೆ ಪೂಲಲ್ಲಿ ಹತ್ತು ಪೆಪ್ಟೈಡ್ ಕೆಲಸ ಮಾಡ್ತಿದ್ರೆ ಒಂದು ಕೈಕೊಟ್ಟಿದ್ದು ಕಾಣಲ್ಲ. ಅದು ಕಾಣ್ಬೇಕಂದ್ರೆ ಒಂದೊಂದೇ ಪೆಪ್ಟೈಡ್ ಹಾಕ್ಬೇಕು, ಬೇಜಾರಿನ ಕೆಲಸ ನಿಜ, ಆದ್ರೆ ಮಜಾ ಇರೋದು ಅಲ್ಲೇ. ಉದಾಹರಣೆಗೆ ಎಚ್‌ಎಲ್‌ಎ-ಎ24 ಅನ್ನೋ ಬಗೆಯ ಎಚ್‌ಎಲ್‌ಎ ಇರೋರಲ್ಲಿ ಸ್ಪೈಕಿನ 448ರಿಂದ 456ರವರೆಗಿನ ಚೂರಿಗೆ ಒಳ್ಳೇ ಪ್ರತಿಕ್ರಿಯೆ ಬರತ್ತೆ. ಭಾರತದಲ್ಲಿ ಮೊದಲು ಸಿಕ್ಕ ಡೆಲ್ಟಾದಲ್ಲಿ 452ನೇ ಜಾಗದ ಲ್ಯೂಸಿನ್ ಹೋಗಿ ಆರ್ಜಿನಿನ್ ಬಂತು, ಅಷ್ಟಕ್ಕೇ ಆ ಚೂರಿಗೆ ತಯಾರಾಗಿದ್ದ ಟಿ ಸೆಲ್‌ಗೆ ಗುರುತು ಸಿಗದ ಹಾಗಾಯ್ತು. ಒಮಿಕ್ರಾನ್‌ನ ಮೊದಮೊದಲ ಉಪತಳಿ ಬಿಎ.1ರಲ್ಲಿ ಈ ಬದಲಾವಣೆ ಇರಲಿಲ್ಲ, ಆಮೇಲಿನ ಉಪತಳಿ ಬಿಎ.5ರಲ್ಲಿ ಮತ್ತೆ ಬಂತು. ಎ24 ಇಲ್ಲದೋರಿಗೆ ಆ ಚೂರಿನ ವಿಷಯದಲ್ಲಿ ಇದರಿಂದ ಆಗೋದೇನಿಲ್ಲ, ಅವರ ಎಚ್‌ಎಲ್‌ಎ ತೋರಿಸೋ ಚೂರುಗಳೇ ಬೇರೆ. ಊರಲ್ಲಿ ಒಬ್ಬೊಬ್ಬರ ಎಚ್‌ಎಲ್‌ಎ ಒಂದೊಂದು ಥರ ಇರೋವಾಗ ಒಂದೇ ಮ್ಯುಟೇಶನ್ನಿಂದ ಎಲ್ರ ಕಣ್ಣೂ ತಪ್ಪಿಸೋದು ವೈರಸ್‌ಗೆ ಕಷ್ಟ.

ಎಚ್‌ಐವಿ ವಿಷಯ ಬೇರೆ, ಅದು ಒಬ್ಬರ ಮೈಯಲ್ಲೇ ವರ್ಷಗಟ್ಲೆ ಇದ್ಕೊಂಡು ಅವರ ಎಚ್‌ಎಲ್‌ಎಗೆ ತಕ್ಕ ಹಾಗೆ ಬದಲಾಗತ್ತೆ. ಎಚ್‌ಎಲ್‌ಎ-ಬಿ57 ಇರೋರಲ್ಲಿ ತನ್ನ ಗ್ಯಾಗ್ ಅನ್ನೋ ಪ್ರೋಟೀನಿನ 242ನೇ ಜಾಗ ಬದಲಾಯಿಸ್ಕೊಂಡು ತಪ್ಪಿಸ್ಕೊಳ್ಳತ್ತೆ, ಆದ್ರೆ ಅದಕ್ಕೆ ವೈರಸ್ಸೇ ಸ್ವಲ್ಪ ಸೊರಗತ್ತೆ. ಅದಕ್ಕೇ ಬಿ57 ಇಲ್ಲದೋರಿಗೆ ಹರಡಿದ ಮೇಲೆ ಆ ಬದಲಾವಣೆ ಎಷ್ಟೋ ಸಲ ವಾಪಸ್ ಹೋಗ್ಬಿಡತ್ತೆ.

ಈ ಕೆಲಸ ಶುರು ಮಾಡೋರು ರಕ್ತ ತಗೊಳ್ಳೋವಾಗಲೇ ಒಪ್ಪಿಗೆ ಪತ್ರದಲ್ಲಿ ಎಚ್‌ಎಲ್‌ಎ ಟೈಪಿಂಗ್ ಸೇರಿಸಿ, ಎರಡು ವಯಲ್ ಎಕ್ಸ್‌ಟ್ರಾ ಫ್ರೀಜ್ ಮಾಡಿಡಿ. ಪೂಲಲ್ಲಿ ಏನೋ ವಿಚಿತ್ರ ಕಂಡಾಗ ಒಂದೊಂದೇ ಪೆಪ್ಟೈಡ್ ಹಾಕಿ ನೋಡೋಕೆ ಆ ವಯಲ್ಲೇ ಬೇಕಾಗತ್ತೆ.